‘ಅದು ನಿಮಗೆ ಹೇಗೆ ಗೊತ್ತು?’

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

‘ಅಧಿಕಪ್ರಸಂಗಿ’ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಕೆಲವರು ಅನ್ನಿಸಿಕೊಂಡೂ ಇದ್ದೇವೆ. ಬಿಡಿಸಿ ನೋಡಿದರೆ ಅದರಲ್ಲಿ ಬೈಗುಳವೇನೂ ಇಲ್ಲ, ಸಂದರ್ಭಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಆಡುವವರು ಎಂದಷ್ಟೇ ಅರ್ಥ. ಆದರೆ ಬಳಕೆಯಲ್ಲಿ ಆ ಮಾತು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಗಂಟೆಗಟ್ಟಲೆ ಹರಟುವವರನ್ನು ನಾವು ಮಾತುಗಾರರೆಂದು ಕರೆದು ಸಹಿಸಿಕೊಳ್ಳುತ್ತೇವೆ. ಹಿರಿಯರು ಹೇಳಿ ಮುಗಿಸಿದ ಮೇಲೆ ‘ಅದು ಹೇಗೆ?’ ಎಂದು ಒಂದೇ ಒಂದು ಮಾತು ಕೇಳಿದ ಹುಡುಗಿ ಅಧಿಕಪ್ರಸಂಗಿಯಾಗುತ್ತಾಳೆ. ಇಂಥ ಶಬ್ದಗಳು ನಮ್ಮಲ್ಲಿ ಇನ್ನೂ ಇವೆ. ‘ಅತಿಬುದ್ಧಿವಂತ’ ಎಂದು ಯಾರನ್ನಾದರೂ ಕರೆದರೆ ಅದು ಹೊಗಳಿಕೆಯಲ್ಲ. ‘ಓದಿ ಓದಿ ಮರುಳಾದ ಕೂಚುಭಟ್ಟ’ ಎಂಬ ಗಾದೆಯನ್ನು ಪುಸ್ತಕ ಹಿಡಿದು ಕುಳಿತ ಮಕ್ಕಳ ಎದುರಿಗೇ ನಗುತ್ತ ಹೇಳುತ್ತೇವೆ. ಚಿಂತನೆಯನ್ನೇ ಬದುಕಾಗಿಸಿಕೊಂಡವರಿಗೆ ಗೌರವದಿಂದ ಕೊಟ್ಟ ‘ಬುದ್ಧಿಜೀವಿ’ ಎಂಬ ಹೆಸರು ನಮ್ಮ ಕಣ್ಣೆದುರಿಗೇ ಹಂಗಿಸುವ ಮಾತಾಯಿತು. ಇದು ಒಂದೇ ನುಡಿಯ ಚಾಳಿಯೂ ಅಲ್ಲ. 1952ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಡ್ಲಾಯ್ ಸ್ಟೀವನ್‌ಸನ್ ಅವರನ್ನೂ ಅವರ ಓದಿಕೊಂಡ ಬೆಂಬಲಿಗರನ್ನೂ ‘ಎಗ್‌ಹೆಡ್’, ಅಂದರೆ ಮೊಟ್ಟೆತಲೆಯವರು, ಎಂದು ಮೂದಲಿಸಿದರು. ಆ ಶಬ್ದ ಅಲ್ಲಿ ನೆಲೆಯೂರಿದ್ದು ಆಗಲೇ.

ಈ ಶಬ್ದಗಳನ್ನು ಒಂದೆಡೆ ಇಟ್ಟು ನೋಡಿದಾಗ ನನಗೊಂದು ಸಂಗತಿ ಕಾಣುತ್ತದೆ. ಬುದ್ಧಿಯಿಂದ ದೊರೆಯುವ ಫಲದ ಬಗ್ಗೆ ಯಾವ ಸಮಾಜಕ್ಕೂ ತಕರಾರಿಲ್ಲ. ಕಾಯಿಲೆ ವಾಸಿ ಮಾಡುವ ಔಷಧ, ಹೊಳೆ ದಾಟಿಸುವ ಸೇತುವೆ, ಅಂಗೈಯಲ್ಲಿ ಹಿಡಿಯುವ ಫೋನು ಎಲ್ಲರಿಗೂ ಬೇಕು. ಪರೀಕ್ಷೆಯಲ್ಲಿ ಮೊದಲು ಬಂದ ಮಕ್ಕಳನ್ನು ಕಂಡು ಎಲ್ಲರೂ ಹಿಗ್ಗುತ್ತಾರೆ. ತಕರಾರು ಹುಟ್ಟುವುದು ಬುದ್ಧಿ ತನ್ನ ಸಹಜ ಕೆಲಸಕ್ಕೆ ತೊಡಗಿ, ಎಲ್ಲರೂ ಒಪ್ಪಿ ನೆಮ್ಮದಿಯಾಗಿರುವ ಒಂದು ವಿಷಯದ ಮುಂದೆ ನಿಂತು, ‘ಅದು ನಿಮಗೆ ಹೇಗೆ ಗೊತ್ತು?’ ಎಂದು ಕೇಳಿದಾಗ. ಬುದ್ಧಿಯ ಮೇಲಿನ ಹಗೆತನವನ್ನೂ ಸುಳ್ಳುಸುದ್ದಿಯ ಹಾವಳಿಯನ್ನೂ ನಾವು ಎರಡು ಬೇರೆ ಬೇರೆ ಕಾಯಿಲೆಗಳೆಂಬಂತೆ ಚರ್ಚಿಸುತ್ತೇವೆ. ಒಂದನ್ನು ಶಿಕ್ಷಣದವರಿಗೂ ಇನ್ನೊಂದನ್ನು ತಂತ್ರಜ್ಞಾನದವರಿಗೂ ವಹಿಸಿ ಸುಮ್ಮನಾಗುತ್ತೇವೆ. ನನ್ನ ವಾದವೆಂದರೆ, ಇವೆರಡರ ಬೇರು ಒಂದೇ. ಆ ಪ್ರಶ್ನೆ ಕೇಳುವುದನ್ನು ಅವಿನಯವೆಂದು ಎಣಿಸುವ ಜಾಗದಲ್ಲಿ ಸುಳ್ಳಿಗೆ ಯಾವ ತಡೆಯೂ ಇರುವುದಿಲ್ಲ, ಏಕೆಂದರೆ ಸುಳ್ಳಿನ ದಾರಿಗೆ ಅಡ್ಡ ನಿಲ್ಲಬಲ್ಲದ್ದು ಆ ಒಂದು ಪ್ರಶ್ನೆ ಮಾತ್ರ.

ಇದನ್ನು ಹೇಳುವಾಗ, ಓದಿದವರೆಲ್ಲ ಪ್ರಶ್ನೆಯ ಪಕ್ಷದವರು, ಓದದವರೆಲ್ಲ ಹಗೆತನದ ಪಕ್ಷದವರು ಎಂಬ ಚಿತ್ರ ನಿಮ್ಮ ಮನಸ್ಸಿನಲ್ಲಿ ಮೂಡಬಾರದು. ಆದ್ದರಿಂದ ಮೊದಲು ಒಂದು ಆಸ್ಪತ್ರೆಯ ಒಳಗೆ ಹೋಗೋಣ.

1840ರ ದಶಕದಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರೆ, ಎರಡನೆಯದರಲ್ಲಿ ನೂರಕ್ಕೆ 3ಕ್ಕಿಂತ ಕಡಿಮೆ. ಕಾರಣ ಬಾಣಂತಿ ಜ್ವರ. ಈ ಅಂತರ ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿ ಎಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಅಲ್ಲಿ ಸಹಾಯಕ ವೈದ್ಯನಾಗಿದ್ದ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ತರುಣನಿಗೆ ಈ ಅಂತರ ನಿದ್ದೆಗೆಡಿಸಿತು. ಕೆಟ್ಟ ಗಾಳಿ ಎಂದು ಹಿರಿಯರು ಹೇಳುತ್ತಿದ್ದರು; ಆದರೆ ಒಂದೇ ಆಸ್ಪತ್ರೆಯ ಎರಡು ವಿಭಾಗಗಳಿಗೆ ಬೇರೆ ಬೇರೆ ಗಾಳಿ ಎಲ್ಲಿಂದ ಬರಬೇಕು? ಜನಸಂದಣಿ ಎಂದರು, ಸೂಲಗಿತ್ತಿಯರ ವಿಭಾಗದಲ್ಲೇ ಸಂದಣಿ ಹೆಚ್ಚಿತ್ತು. ಸಾಯುವವರಿಗೆ ಕೊನೆಯ ವಿಧಿ ನೆರವೇರಿಸಲು ಬರುವ ಪಾದ್ರಿಯ ಗಂಟೆಯ ಸದ್ದಿಗೆ ಬಾಣಂತಿಯರು ಹೆದರುತ್ತಾರೆ ಎಂಬ ಮಾತೂ ಇತ್ತು. ಆತ ಪಾದ್ರಿಯನ್ನು ಒಪ್ಪಿಸಿ ಗಂಟೆಯಿಲ್ಲದೆ ಬರುವಂತೆ ಮಾಡಿ ನೋಡಿದ, ಸಾವು ಕಡಿಮೆಯಾಗಲಿಲ್ಲ. ಹೆರಿಗೆಯ ಹೊತ್ತಿಗೆ ಮಲಗಿಸುವ ಭಂಗಿಯನ್ನೂ ಬದಲಿಸಿ ನೋಡಿದ, ಅದರಿಂದಲೂ ಏನೂ ಆಗಲಿಲ್ಲ. ಹೀಗೆ ಒಂದೊಂದೇ ಉತ್ತರವನ್ನು ಪರೀಕ್ಷಿಸಿ ಬದಿಗಿಡುತ್ತಿದ್ದ ಹೊತ್ತಿನಲ್ಲಿ, 1847ರ ಮಾರ್ಚ್ ತಿಂಗಳಲ್ಲಿ, ಅವನ ಗೆಳೆಯ ಯಾಕೋಬ್ ಕೊಲೆಚ್ಕಾ ತೀರಿಕೊಂಡ. ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಗುಲಿತ್ತು. ಗೆಳೆಯನ ಶವಪರೀಕ್ಷೆಯ ವರದಿ ಓದಿದಾಗ, ಬಾಣಂತಿ ಜ್ವರದಲ್ಲಿ ಸತ್ತವರ ದೇಹದಲ್ಲಿ ಕಂಡಿದ್ದ ಗುರುತುಗಳೇ ಅಲ್ಲಿಯೂ ಇದ್ದವು.

ವೈದ್ಯರೂ ವಿದ್ಯಾರ್ಥಿಗಳೂ ಬೆಳಗ್ಗೆ ಶವ ಕೊಯ್ದು, ಅದೇ ಕೈಯಲ್ಲಿ ಬಂದು ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಸೆಮ್ಮೆಲ್‌ವೈಸ್ ಒಂದು ಬೋಗುಣಿಯಲ್ಲಿ, ನಾವು ಬ್ಲೀಚಿಂಗ್ ಪುಡಿ ಎನ್ನುವ ವಸ್ತುವನ್ನು ಕರಗಿಸಿಟ್ಟು, ಕೈಯಿಂದ ಹೆಣದ ವಾಸನೆ ಹೋಗುವವರೆಗೂ ಅದರಲ್ಲಿ ತೊಳೆದುಕೊಂಡೇ ಒಳಗೆ ಬರಬೇಕೆಂದು ಕಟ್ಟುಮಾಡಿದ. 1847ರ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಒಂದು ಬೋಗುಣಿ ನೀರು, ಎರಡು ತಿಂಗಳು. ಆದರೂ ವೈದ್ಯಲೋಕ ಅವನನ್ನು ಒಪ್ಪಲಿಲ್ಲ. 1849ರಲ್ಲಿ ಅವನ ಕೆಲಸದ ಅವಧಿ ಮುಂದುವರಿಯಲಿಲ್ಲ. 1865ರಲ್ಲಿ, 47ನೆಯ ವಯಸ್ಸಿನಲ್ಲಿ, ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಅವನು ಸತ್ತ.

ನ್ಯಾಯವಾಗಿ ಹೇಳಬೇಕೆಂದರೆ ಅವನ ಕಡೆಯಿಂದಲೂ ತಪ್ಪುಗಳಾದವು. ತನ್ನ ಶೋಧವನ್ನು ಪುಸ್ತಕವಾಗಿ ಪ್ರಕಟಿಸಲು 1861ರವರೆಗೆ ತಡಮಾಡಿದ. ವಿರೋಧಿಸಿದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಕರೆದ. ರೋಗಾಣುಗಳ ವಿಷಯ ಇನ್ನೂ ತಿಳಿಯದಿದ್ದ ಕಾಲದಲ್ಲಿ, ಕೈ ತೊಳೆದರೆ ಏಕೆ ಸಾವು ಇಳಿಯುತ್ತದೆ ಎಂದು ತೃಪ್ತಿಯಾಗುವಂತೆ ವಿವರಿಸುವುದೂ ಅವನಿಂದ ಆಗಲಿಲ್ಲ. ಆದರೆ ಇವೆಲ್ಲ ಕಳೆದರೂ ಒಂದು ಉಳಿಯುತ್ತದೆ. ಅವನ ಲೆಕ್ಕವನ್ನು ಒಪ್ಪಿಕೊಳ್ಳುವುದೆಂದರೆ, ತಾನು ಇದುವರೆಗೆ ತನ್ನ ಕೈಯಾರೆ ಎಷ್ಟೋ ತಾಯಂದಿರ ಸಾವಿಗೆ ಕಾರಣನಾದೆ ಎಂಬುದನ್ನು ಪ್ರತಿಯೊಬ್ಬ ವೈದ್ಯನೂ ಒಪ್ಪಿಕೊಳ್ಳಬೇಕಾಗಿತ್ತು. ಆ ನೋವಿಗಿಂತ ಆ ತರುಣನನ್ನು ಅಹಂಕಾರಿ, ಅರೆಹುಚ್ಚ ಎನ್ನುವುದು ಸುಲಭ. ಅಂದಿನ ಯೂರೋಪಿನ ಅತ್ಯಂತ ವಿದ್ಯಾವಂತರು ಮಾಡಿದ್ದು ಅದನ್ನೇ. ನಮಗೆ ತಿಳಿದಿದೆ ಎಂಬ ಹೆಮ್ಮೆ ಎಲ್ಲಿದೆಯೋ ಅಲ್ಲಿ ಹಗೆತನಕ್ಕೆ ಪದವಿ ಅಡ್ಡಿ ಬರುವುದಿಲ್ಲ. ಕೆಲವೊಮ್ಮೆ ಪದವಿಯೇ ಅದಕ್ಕೆ ಗುರಾಣಿಯಾಗುತ್ತದೆ.

ಈಗ ಇದಕ್ಕೆ ಪತ್ರಿಕೆ ಸೇರಿದಾಗ ಏನಾಗುತ್ತದೆ ಎಂಬುದನ್ನು ನೋಡೋಣ. 1927ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ‘ಪ್ರಾವ್ದಾ’ ಪತ್ರಿಕೆ ಟ್ರೊಫಿಮ್ ಲಿಸೆಂಕೊ ಎಂಬ ಯುವ ಕೃಷಿತಜ್ಞನ ಬಗ್ಗೆ ಒಂದು ಲೇಖನ ಪ್ರಕಟಿಸಿ, ಅವನನ್ನು ‘ಬರಿಗಾಲಿನ ಪ್ರೊಫೆಸರ್’ ಎಂದು ಕರೆಯಿತು. ರೈತನ ಮಗ, ನೊಣದ ಕಾಲಿನ ಕೂದಲು ಎಣಿಸುತ್ತ ಕೂರುವ ಪಂಡಿತನಲ್ಲ, ಚಳಿಗಾಲದಲ್ಲೂ ಹೊಲವನ್ನು ಹಸಿರಾಗಿಸುವವನು ಎಂಬುದು ಆ ಲೇಖನದ ಧಾಟಿ. ನೊಣದ ಮಾತು ಬಂದದ್ದು ಸುಮ್ಮನೆ ಅಲ್ಲ. ಅಂದಿನ ತಳಿವಿಜ್ಞಾನಿಗಳು ಹಣ್ಣಿನ ನೊಣದ ಮೇಲೆ ಪ್ರಯೋಗ ಮಾಡಿಯೇ ಆನುವಂಶಿಕತೆಯ ನಿಯಮಗಳನ್ನು ಬಿಡಿಸುತ್ತಿದ್ದರು. ಲಿಸೆಂಕೊ ಮುಂದೆ ಆ ವಿಜ್ಞಾನವನ್ನೇ ಅಲ್ಲಗಳೆದ. ಅವನ ಪುರಾವೆಗಳು ಹೇಗಿದ್ದವೆಂದರೆ, ಸಾಮೂಹಿಕ ಕೃಷಿ ಕ್ಷೇತ್ರಗಳಿಗೆ ಪ್ರಶ್ನಾವಳಿ ಕಳುಹಿಸುವುದು, ಇಳುವರಿ ಹೆಚ್ಚಿತೆಂದು ಬಂದ ಉತ್ತರಗಳನ್ನೇ ಒಟ್ಟುಹಾಕಿ ಪ್ರಕಟಿಸುವುದು. ಅಂಥ ಕಾಲದಲ್ಲಿ, ಅಂಥ ಆಡಳಿತದಲ್ಲಿ, ಇಳುವರಿ ಹೆಚ್ಚಲಿಲ್ಲ ಎಂದು ಯಾರು ಬರೆದುಕೊಟ್ಟಾರು? ಎಷ್ಟು ಎಕರೆ, ಯಾವ ವರ್ಷ, ಯಾವ ಹೊಲದ ಜೊತೆ ಹೋಲಿಸಿದಿರಿ ಎಂದು ಕೇಳಿದವರು ಜನರ ಶತ್ರುಗಳಾದರು. 1935ರಲ್ಲಿ ಅವನು ಕ್ರೆಮ್ಲಿನ್‌ನಲ್ಲಿ ಭಾಷಣ ಮಾಡುತ್ತ, ವಿಜ್ಞಾನಿಯಾಗಿರಲಿ ಆಗದಿರಲಿ ವರ್ಗಶತ್ರು ವರ್ಗಶತ್ರುವೇ ಎಂಬ ಅರ್ಥದ ಮಾತಾಡಿದಾಗ, ಸ್ಟಾಲಿನ್ ಎದ್ದು ‘ಭೇಷ್, ಕಾಮ್ರೇಡ್ ಲಿಸೆಂಕೊ, ಭೇಷ್’ ಎಂದರು.

ನಿಕೊಲಾಯ್ ವಾವಿಲೊವ್ ಐದು ಖಂಡಗಳಲ್ಲಿ ಅಲೆದು, ರೈತರ ಜಗುಲಿಯಲ್ಲಿ ಕುಳಿತು, ಅವರು ತಲೆಮಾರುಗಳಿಂದ ಕಾಪಾಡಿದ ಬೀಜಗಳನ್ನು ಸಂಗ್ರಹಿಸಿದ ವಿಜ್ಞಾನಿ. ಮೊದಮೊದಲು ಅವರೇ ಲಿಸೆಂಕೊಗೆ ಪ್ರೋತ್ಸಾಹ ಕೊಟ್ಟಿದ್ದರು. ಅನಂತರ ಅವನ ವಾದಗಳನ್ನು ವಿರೋಧಿಸಿದರು. 1940ರಲ್ಲಿ ಅವರ ಬಂಧನವಾಯಿತು. 1943ರ ಜನವರಿಯಲ್ಲಿ, ಜಗತ್ತಿನ ಹಸಿವು ನೀಗಿಸಬೇಕೆಂದು ದುಡಿದ ಆ ಮನುಷ್ಯ ಸರಾಟೊವ್‌ನ ಸೆರೆಮನೆಯಲ್ಲಿ ಹಸಿವಿನಿಂದ ಸೊರಗಿ ಸತ್ತರು. ಲೆನಿನ್‌ಗ್ರಾಡ್ ನಗರಕ್ಕೆ ಶತ್ರುಸೇನೆ ಮುತ್ತಿಗೆ ಹಾಕಿದ್ದ ಆ ದಿನಗಳಲ್ಲಿ, ಅವರ ಸಂಸ್ಥೆಯ ಹಲವು ಸಿಬ್ಬಂದಿ ಭತ್ತ, ಗೋಧಿ, ಕಡಲೆಕಾಯಿಯ ಬೀಜದ ಡಬ್ಬಿಗಳ ನಡುವೆಯೇ, ಒಂದು ಕಾಳನ್ನೂ ಮುಟ್ಟದೆ ಉಪವಾಸದಿಂದ ಪ್ರಾಣ ಬಿಟ್ಟರು. 1948ರಲ್ಲಿ ಆ ದೇಶದಲ್ಲಿ ತಳಿವಿಜ್ಞಾನಕ್ಕೆ ಅಧಿಕೃತವಾಗಿಯೇ ನಿಷೇಧ ಬಿತ್ತು. ಲಿಸೆಂಕೊನ ಹಿಡಿತ ಸಡಿಲವಾಗಲು 1960ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು.

ಆ ಪತ್ರಿಕಾ ಲೇಖನ ನನ್ನನ್ನು ಬಹಳ ಕಾಡಿದೆ. ಅದರಲ್ಲಿ ಒಂದು ನಿಜವಾದ ನೋವು ಇತ್ತು. ಓದಿದವರು ಓದದವರನ್ನು ಕೀಳಾಗಿ ಕಂಡಿದ್ದರು, ಕೈಕೆಸರು ಮಾಡಿಕೊಂಡವರ ತಿಳಿವಳಿಕೆಗೆ ಬೆಲೆ ಕೊಟ್ಟಿರಲಿಲ್ಲ. ಬರಿಗಾಲಿನವನೊಬ್ಬ ಪಂಡಿತರನ್ನು ಮೀರಿಸಿದ ಎಂಬ ಕಥೆ ಆ ಗಾಯಕ್ಕೆ ಮುಲಾಮಿನಂತಿತ್ತು. ಬುದ್ಧಿಯ ಮೇಲಿನ ಹಗೆತನವನ್ನು ಬೆಳೆಸುವವರು ಯಾವಾಗಲೂ ಇಂಥದೊಂದು ನಿಜವಾದ ಗಾಯವನ್ನೇ ಹುಡುಕಿ ಹಿಡಿಯುತ್ತಾರೆ. ಗಾಯ ಮಾಡಿದ ತಪ್ಪು ವಿದ್ಯಾವಂತರದು, ಅದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ಬಳಸಿಕೊಂಡವರು ಮಾತ್ರ ರೈತನಿಗೆ ಒಂದು ಹಿಡಿ ಕಾಳನ್ನೂ ಹೆಚ್ಚು ಕೊಡಲಿಲ್ಲ.

ಇನ್ನು ನಮ್ಮ ಕಾಲದ ಮಾಧ್ಯಮಗಳ ಮಾತಿಗೆ ಬರುತ್ತೇನೆ. ಸುದ್ದಿವಾಹಿನಿಯ ಚರ್ಚೆಯನ್ನು ನೀವೆಲ್ಲ ನೋಡಿರುತ್ತೀರಿ. ಪರದೆಯ ಮೇಲೆ ನಾಲ್ಕೋ ಆರೋ ಚೌಕಗಳು, ಒಂದರಲ್ಲಿ ಮೂವತ್ತು ವರ್ಷ ಒಂದೇ ವಿಷಯವನ್ನು ಅಧ್ಯಯನ ಮಾಡಿದವರು, ಪಕ್ಕದ ಚೌಕದಲ್ಲಿ ಅದೇ ವಿಷಯದ ಬಗ್ಗೆ ಬೆಳಗ್ಗೆಯಷ್ಟೇ ಅಭಿಪ್ರಾಯ ಕಟ್ಟಿಕೊಂಡವರು. ಅಧ್ಯಯನ ಮಾಡಿದವರು ‘ಈವರೆಗಿನ ಪುರಾವೆಗಳನ್ನು ನೋಡಿದರೆ, ಬಹುತೇಕ…’ ಎಂದು ಆರಂಭಿಸುವಷ್ಟರಲ್ಲಿ ನಿರೂಪಕರು ‘ಹೌದೋ ಅಲ್ಲವೋ, ಒಂದೇ ಮಾತಿನಲ್ಲಿ ಹೇಳಿ’ ಎಂದು ತಡೆಯುತ್ತಾರೆ. ‘ಬಹುತೇಕ’ ಎಂಬ ಆ ಒಂದು ಶಬ್ದದ ಹಿಂದೆ ಅವರ ಮೂವತ್ತು ವರ್ಷಗಳ ಪ್ರಾಮಾಣಿಕತೆ ಇರುತ್ತದೆ; ಪರದೆಯ ಮೇಲೆ ಅದು ತಡವರಿಕೆಯಂತೆ ಕಾಣುತ್ತದೆ. ಪಕ್ಕದವರು ಎಳ್ಳಷ್ಟೂ ಅನುಮಾನವಿಲ್ಲದೆ ಗಟ್ಟಿಯಾಗಿ ಹೇಳುತ್ತಾರೆ, ಗೆದ್ದವರಂತೆ ಕಾಣುತ್ತಾರೆ. ಇಲ್ಲಿ ಯಾರೂ ಸುಳ್ಳು ಹೇಳಬೇಕೆಂದೇ ಕುಳಿತಿರಲಾರರು. ಆದರೂ ನೋಡುತ್ತಿರುವ ಮಗುವೊಂದು ಕಲಿಯುವ ಪಾಠವೆಂದರೆ, ಯೋಚಿಸಿ ಮಾತಾಡುವವರು ದುರ್ಬಲರು ಎಂಬುದು.

ಮಾಧ್ಯಮದ ಈ ಸ್ವಭಾವ ಇಂದಿನದಲ್ಲ. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಮಂಗಳ ಗ್ರಹದವರು ಭೂಮಿಗೆ ದಾಳಿಯಿಟ್ಟಂತೆ ಒಂದು ರೇಡಿಯೊ ನಾಟಕ ಪ್ರಸಾರವಾಯಿತು. ಅದನ್ನು ನಿಜವೆಂದು ನಂಬಿ ದೇಶವೇ ದಿಕ್ಕೆಟ್ಟು ಓಡಿತು ಎಂದು ಮಾರನೆಯ ದಿನದ ಪತ್ರಿಕೆಗಳು ಬರೆದವು. ಜನರ ಮೂಢತನಕ್ಕೆ ಉದಾಹರಣೆಯಾಗಿ ಆ ಕಥೆಯನ್ನು ಇಂದಿಗೂ ಹೇಳುತ್ತಾರೆ. ಕೆಲವರು ಹೆದರಿದ್ದು ನಿಜ. ಆದರೆ ಆ ರಾತ್ರಿ ನಾಟಕ ಕೇಳಿದವರೇ ಕಡಿಮೆ ಎಂಬುದನ್ನೂ, ದೇಶವ್ಯಾಪಿ ದಿಗಿಲೆಂಬುದು ಬಹುಪಾಲು ಪತ್ರಿಕೆಗಳ ಉತ್ಪ್ರೇಕ್ಷೆ ಎಂಬುದನ್ನೂ ಅನಂತರದ ಅಧ್ಯಯನಗಳು ತೋರಿಸಿವೆ. ಜಾಹೀರಾತಿನ ಹಣ ರೇಡಿಯೊ ಕಡೆಗೆ ಹರಿಯುತ್ತಿದ್ದ ಕಾಲ ಅದು. ರೇಡಿಯೊವನ್ನು ನಂಬಲಾಗದು ಎಂದು ತೋರಿಸುವುದು ಪತ್ರಿಕೆಗಳಿಗೆ ಬೇಕಾಗಿತ್ತು. ಜನ ಸುಳ್ಳು ನಂಬುತ್ತಾರೆ ಎಂಬ ಆ ಸುದ್ದಿಯನ್ನು ಎಂಬತ್ತಕ್ಕೂ ಹೆಚ್ಚು ವರ್ಷ ಪರಿಶೀಲಿಸದೆ ನಂಬಿದವರಲ್ಲಿ ಹೆಚ್ಚಿನವರು ಓದಿಕೊಂಡವರೇ.

ಸುಳ್ಳು ಹರಡುವ ಬಗೆಯನ್ನು ಈಚೆಗೆ ಲೆಕ್ಕಹಾಕಿ ನೋಡಿದವರಿದ್ದಾರೆ. 2018ರಲ್ಲಿ ಸೊರೂಶ್ ವೊಸೂಗಿ, ದೇಬ್ ರಾಯ್, ಸಿನಾನ್ ಅರಲ್ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿಕೊಂಡ, ನಿಜವೋ ಸುಳ್ಳೋ ಎಂದು ಪರಿಶೀಲನೆಗೊಳಗಾದ, ಸುಮಾರು 1,26,000 ಸುದ್ದಿಗಳನ್ನು ಅವರು ಹಿಂಬಾಲಿಸಿ ನೋಡಿದ್ದರು. ಸುಳ್ಳುಸುದ್ದಿಯನ್ನು ಜನ ಮುಂದಕ್ಕೆ ಕಳುಹಿಸುವ ಸಂಭವ ನಿಜಸುದ್ದಿಗಿಂತ ಶೇಕಡಾ 70ರಷ್ಟು ಹೆಚ್ಚು. 1,500 ಜನರನ್ನು ತಲುಪಲು ಸುಳ್ಳಿಗೆ ಹಿಡಿದ ಸಮಯದ ಸುಮಾರು ಆರು ಪಟ್ಟು ನಿಜಕ್ಕೆ ಹಿಡಿಯಿತು. ತಾನಾಗಿ ಸಂದೇಶ ಕಳುಹಿಸುವ ಯಂತ್ರ ಖಾತೆಗಳನ್ನು ಲೆಕ್ಕದಿಂದ ತೆಗೆದ ಮೇಲೂ ಫಲಿತಾಂಶ ಬದಲಾಗಲಿಲ್ಲ ಎಂಬುದು ಆ ಅಧ್ಯಯನದ ಅತ್ಯಂತ ಕಹಿಯಾದ ಭಾಗ. ಹರಡಿದವರು ಮನುಷ್ಯರೇ. ಸುಳ್ಳುಸುದ್ದಿ ಓದಿದವರು ಬರೆದ ಪ್ರತಿಕ್ರಿಯೆಗಳಲ್ಲಿ ಅಚ್ಚರಿ, ಹೇಸಿಗೆ, ಭಯ ಹೆಚ್ಚಾಗಿ ಕಂಡವು. ಸುಳ್ಳಿಗೆ ಹೊಸತನದ ಸೆಳೆತವಿದೆ. ಇದ್ದದ್ದನ್ನು ಇದ್ದಂತೆ ಹೇಳುವ ನಿಜಕ್ಕೆ ಆ ಸೊಬಗು ಎಲ್ಲಿಂದ ಬರಬೇಕು?

ಹರಡುವುದು ಹೀಗಾದರೆ, ಮನಸ್ಸಿನಲ್ಲಿ ಊರಿಕೊಳ್ಳುವುದು ಹೇಗೆ? 1977ರಲ್ಲಿ ಲಿನ್ ಹ್ಯಾಷರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರದ ಅಂತರದಲ್ಲಿ ಮೂರು ಸಲ ಕೆಲವು ಹೇಳಿಕೆಗಳನ್ನು ಓದಿ ಹೇಳಿದರು. ಮತ್ತೆ ಮತ್ತೆ ಕೇಳಿಸಿದ ಹೇಳಿಕೆಗಳು, ಅವು ನಿಜವಾಗಿರಲಿ ಸುಳ್ಳಾಗಿರಲಿ, ಪ್ರತಿ ಸಲವೂ ಹೆಚ್ಚು ನಂಬಲರ್ಹವೆನಿಸಿದವು. ವಿಷಯ ತಿಳಿದವರಿಗೆ ಹೀಗಾಗುವುದಿಲ್ಲ ಎಂದು ಬಹುಕಾಲ ಭಾವಿಸಲಾಗಿತ್ತು. 2015ರಲ್ಲಿ ಲಿಸಾ ಫಾಜಿಯೊ ಮತ್ತು ಸಂಗಡಿಗರು ಅದನ್ನೂ ಪರೀಕ್ಷಿಸಿದರು. ಅವರು ಬಳಸಿದ ಹೇಳಿಕೆಗಳಲ್ಲೊಂದು, ಸ್ಕಾಟ್ಲೆಂಡಿನವರು ತೊಡುವ ನೆರಿಗೆಯ ಗಿಡ್ಡ ಲಂಗಕ್ಕೆ ಸೀರೆ ಎನ್ನುತ್ತಾರೆ ಎಂಬುದು. ಆ ಉಡುಪಿನ ಹೆಸರು ಕಿಲ್ಟ್ ಎಂದು ಸರಿಯಾಗಿ ಹೇಳಬಲ್ಲವರಿಗೂ, ಆ ಹೇಳಿಕೆಯನ್ನು ಮೊದಲೇ ಒಮ್ಮೆ ಓದಿದ್ದರೆ ಸಾಕು, ಎರಡನೆಯ ಸಲ ಅದು ಕೊಂಚ ಹೆಚ್ಚು ನಿಜವೆನಿಸಿತು. ತಿಳಿದಿರುವುದು ಬೇರೆ, ತಿಳಿದದ್ದನ್ನು ಬೇಕಾದ ಹೊತ್ತಿಗೆ ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಬೇರೆ. ‘ಹೇಗೆ ಗೊತ್ತು?’ ಎಂಬ ಪ್ರಶ್ನೆಯೇ ಆ ಎಬ್ಬಿಸುವ ಕೈ. ಅದನ್ನು ಕೇಳುವ ಅಭ್ಯಾಸ ತಪ್ಪಿದರೆ ನಮ್ಮ ಓದೆಲ್ಲ ಪೆಟ್ಟಿಗೆಯಲ್ಲಿಟ್ಟ ಒಡವೆಯಾಗುತ್ತದೆ.

ಇಲ್ಲಿ ಒಂದು ತೊಡಕಿದೆ, ಅದನ್ನು ಮರೆಸಲು ನನಗೆ ಇಷ್ಟವಿಲ್ಲ. ಈ ಪ್ರಶ್ನೆಗೂ ಕಳ್ಳನಾಣ್ಯವಿದೆ. 1950ರ ಹೊತ್ತಿಗೆ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರುವ ನಂಟನ್ನು ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಮೊದಲಾದವರ ಅಧ್ಯಯನಗಳು ತೋರಿಸಿದ್ದವು. 1954ರ ಜನವರಿ 4ರಂದು ಅಮೆರಿಕದ ತಂಬಾಕು ಕಂಪನಿಗಳು ಒಟ್ಟುಗೂಡಿ ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು, ಈ ವಿಷಯ ಇನ್ನೂ ಸಾಬೀತಾಗಿಲ್ಲ, ತಜ್ಞರಲ್ಲೇ ಒಮ್ಮತವಿಲ್ಲ, ನಾವೇ ಸಂಶೋಧನೆಗೆ ನೆರವಾಗುತ್ತೇವೆ ಎಂದು ಹೇಳಿದವು. 1969ರಲ್ಲಿ ಒಂದು ಸಿಗರೇಟು ಕಂಪನಿಯ ಒಳಗಿನ ಟಿಪ್ಪಣಿಯಲ್ಲಿ, ಸಂಶಯವೇ ನಮ್ಮ ಸರಕು ಎಂದು ಬಿಚ್ಚುಮಾತಿನಲ್ಲಿ ಬರೆದಿತ್ತು. ಅವರೂ ಕೇಳುತ್ತಿದ್ದದ್ದು ‘ನಿಮಗೆ ಹೇಗೆ ಗೊತ್ತು?’ ಎಂದೇ. ಹಾಗಾದರೆ ನಿಜವಾದ ಪ್ರಶ್ನೆಯನ್ನು ಗುರುತಿಸುವುದು ಹೇಗೆ? ನನ್ನ ಅನುಭವದಲ್ಲಿ ಅದಕ್ಕಿರುವ ಒರೆಗಲ್ಲು ಒಂದೇ: ಕೇಳಿದವರು ಉತ್ತರಕ್ಕಾಗಿ ಕಾಯುತ್ತಾರೆಯೇ, ಉತ್ತರ ಬಂದಾಗ ತಮ್ಮ ಜಾಗದಿಂದ ಕದಲುತ್ತಾರೆಯೇ ಎಂಬುದು. ಸೆಮ್ಮೆಲ್‌ವೈಸ್ ಗಂಟೆಯ ಸದ್ದನ್ನು ಪರೀಕ್ಷಿಸಿ, ಅದಲ್ಲ ಎಂದು ತಿಳಿದ ಮೇಲೆ ಅದನ್ನು ಬಿಟ್ಟು ಮುಂದೆ ಹೋದ. ಸಂಶಯವನ್ನು ಸರಕಾಗಿ ಮಾಡಿಕೊಂಡವರು ಒಂದು ಉತ್ತರ ಬಂದೊಡನೆ ಇನ್ನೊಂದು ಪ್ರಶ್ನೆಯನ್ನು ಮುಂದಿಡುತ್ತಾರೆ, ಇದ್ದಲ್ಲಿಂದ ಮಾತ್ರ ಕದಲುವುದಿಲ್ಲ.

1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರು ಪ್ರಕಟಿಸಿದ ಲೇಖನ 12 ಮಕ್ಕಳ ಮೇಲಿನ ಅವಲೋಕನವನ್ನು ಆಧರಿಸಿತ್ತು. ದಡಾರ, ಮಂಗನಬಾವು, ರುಬೆಲ್ಲಾಗಳ ಜಂಟಿ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯವನ್ನು ಅದು ಹುಟ್ಟುಹಾಕಿತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರನ್ನು ತೆಗೆದುಹಾಕಲಾಯಿತು. ನಡುವಿನ ಹನ್ನೆರಡು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಈ ಲಸಿಕೆ ಹಾಕಿಸಿಕೊಳ್ಳುವ ಮಕ್ಕಳ ಪ್ರಮಾಣ ಒಂದು ಹಂತದಲ್ಲಿ ಶೇಕಡಾ 80ರ ಆಸುಪಾಸಿಗೆ ಕುಸಿಯಿತು. 2019ರಲ್ಲಿ ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ ಅಂಥ ಯಾವ ನಂಟೂ ಕಾಣಲಿಲ್ಲ. ಹನ್ನೆರಡು ಮಕ್ಕಳ ಸುದ್ದಿ ಎಲ್ಲರಿಗೂ ಗೊತ್ತು. ಆರೂವರೆ ಲಕ್ಷ ಮಕ್ಕಳ ಸುದ್ದಿ ಎಷ್ಟು ಜನರಿಗೆ ಗೊತ್ತು? ಮಗುವಿನ ಬಗ್ಗೆ ಹೆದರಿದ ತಾಯ್ತಂದೆಯರನ್ನು ನಾನು ದೂರುವುದಿಲ್ಲ, ಅವರು ಕೇಳಿದ್ದು ನಿಜವಾದ ಪ್ರಶ್ನೆ. ಅವರಿಗೆ ಕುಳಿತು ಉತ್ತರ ಹೇಳುವ ಬದಲು ಅಜ್ಞಾನಿಗಳೆಂದು ನಕ್ಕವರು ಅವರನ್ನು ವದಂತಿಯ ತೋಳಿಗೆ ತಳ್ಳಿದರು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಆಧುನಿಕ ರಸಾಯನಶಾಸ್ತ್ರದ ತಳಹದಿ ಹಾಕಿದ ಆಂತ್ವಾನ್ ಲವಾಸಿಯೆಯನ್ನು 1794ರ ಮೇ 8ರಂದು, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, ಗಿಲೊಟಿನ್‌ಗೆ ಕೊಟ್ಟರು. ಆಗ ನ್ಯಾಯಾಧೀಶ ‘ಗಣರಾಜ್ಯಕ್ಕೆ ವಿಜ್ಞಾನಿಗಳ ಅಗತ್ಯವಿಲ್ಲ’ ಎಂದನೆಂಬ ಮಾತು ಪ್ರಸಿದ್ಧ. ನಾನು ಅದನ್ನು ಹಲವು ವರ್ಷ, ಹಲವು ವೇದಿಕೆಗಳಲ್ಲಿ, ದನಿ ಕುಗ್ಗಿಸಿ, ಸಭೆ ಮೌನವಾಗುವಂತೆ ಹೇಳುತ್ತ ಬಂದಿದ್ದೆ. ಒಮ್ಮೆ ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು, ‘ಆ ಮಾತು ಎಲ್ಲಿ ದಾಖಲಾಗಿದೆ, ತಿಳಿಸುತ್ತೀರಾ?’ ಎಂದು ಕೇಳಿದಳು. ಕೇಳಿದ ದನಿಯಲ್ಲಿ ಯಾವ ಕುಹಕವೂ ಇರಲಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಮುಖ ಬಿಸಿಯಾಯಿತು, ಸಭೆ ನನ್ನನ್ನೇ ನೋಡುತ್ತಿತ್ತು, ಈ ಉಪನ್ಯಾಸದ ಆರಂಭದಲ್ಲಿ ಹೇಳಿದ ಆ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ನೋಡಿ ಹೇಳುತ್ತೇನೆ ಎಂದು ಹೇಗೋ ಮುಗಿಸಿದೆ. ಮನೆಗೆ ಬಂದು ಹುಡುಕಿದಾಗ ತಿಳಿದದ್ದು, ಆ ಮಾತಿಗೆ ವಿಚಾರಣೆಯ ಕಾಲದ ಆಧಾರವಿಲ್ಲ, ಅದು ಅನಂತರ ಕಟ್ಟಿದ ಕಥೆ ಎಂಬುದು ಇತಿಹಾಸಕಾರರ ತೀರ್ಮಾನ. ಲವಾಸಿಯೆಯನ್ನು ಕೊಂದದ್ದು ವಿಜ್ಞಾನಿಯೆಂದಲ್ಲ. ಅವನು ಅರಸೊತ್ತಿಗೆಯ ತೆರಿಗೆ ವಸೂಲಿ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದ, ಅದೇ ದಿನ ಅವನ ಮಾವನೂ ಇತರ ಗುತ್ತಿಗೆದಾರರೂ ಸತ್ತರು. ಬುದ್ಧಿಯ ಮೇಲಿನ ಹಗೆತನದ ವಿರುದ್ಧ ಮಾತನಾಡುತ್ತ ನಾನು ವರ್ಷಗಟ್ಟಲೆ ಒಂದು ಸುಳ್ಳನ್ನು ಹರಡಿದ್ದೆ. ಅದು ನನ್ನ ವಾದಕ್ಕೆ ಒಪ್ಪುತ್ತಿತ್ತು, ಕೇಳಲು ಚೆನ್ನಾಗಿತ್ತು, ಆದ್ದರಿಂದ ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ವಿಯೆನ್ನಾದ ವೈದ್ಯರ ಮನಸ್ಸಿನಲ್ಲಿ ಏನು ನಡೆದಿರಬಹುದು ಎಂಬುದು ನನಗೆ ಅರ್ಥವಾದದ್ದು ಆ ಸಂಜೆ.

ಮಾಡಬಹುದಾದದ್ದರ ಬಗ್ಗೆ ದೊಡ್ಡ ಮಾತುಗಳು ನನ್ನಲ್ಲಿಲ್ಲ. ಗಾರ್ಡನ್ ಪೆನಿಕುಕ್, ಡೇವಿಡ್ ರ‍್ಯಾಂಡ್ ಮೊದಲಾದವರು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಭರವಸೆ ಕೊಡುತ್ತದೆ. ಜನರಿಗೆ ನಿಜ ಸುಳ್ಳುಗಳ ಭೇದ ಅಷ್ಟಿಷ್ಟು ತಿಳಿಯುತ್ತದೆ, ಹಂಚುವ ಗಳಿಗೆಯಲ್ಲಿ ಅದು ನೆನಪಾಗುವುದಿಲ್ಲ ಎಂಬುದು ಅವರ ಪ್ರಯೋಗಗಳಲ್ಲಿ ಕಂಡಿತು. ಯಾವುದೋ ಒಂದು ಶೀರ್ಷಿಕೆ ತೋರಿಸಿ, ಇದು ನಿಜವಿರಬಹುದೇ ಎಂದು ಕೇಳಿದಷ್ಟಕ್ಕೇ, ಅನಂತರ ಅವರು ಹಂಚುವ ಸುದ್ದಿಯ ಗುಣ ತುಸು ಸುಧಾರಿಸಿತು. 2020ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್, ಬಹಳ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳುಹಿಸಬಹುದೆಂಬ ಮಿತಿ ಹಾಕಿದಾಗ, ಅಂಥ ಸಂದೇಶಗಳು ಶೇಕಡಾ 70ರಷ್ಟು ಕಡಿಮೆಯಾದವೆಂದು ಆ ಕಂಪನಿಯೇ ಹೇಳಿತು. ಎರಡೂ ಕಡೆ ಆದದ್ದು ಒಂದು ಗಳಿಗೆಯ ತಡೆ.

ನಮ್ಮ ಮನೆಯವರ ಗುಂಪಿಗೆ ದಿನಕ್ಕೆ ಹತ್ತು ಸಂದೇಶ ಹಾಕುತ್ತಿದ್ದವರು ನನ್ನ ದೊಡ್ಡಮ್ಮ. ಯಾವ ಕಾಯಿಲೆಗೆ ಯಾವ ಕಷಾಯ, ಯಾವ ಹೊತ್ತಿನಲ್ಲಿ ಫೋನು ಮುಟ್ಟಿದರೆ ಏನು ಕೇಡು ಎಂಬಂಥವು. ಅವರಿಗೆ ನಮ್ಮ ಮೇಲಿರುವ ಅಕ್ಕರೆಯೇ ಆ ಸಂದೇಶಗಳ ಹಿಂದಿತ್ತು. ನಾನು ಒಮ್ಮೆ ಎಲ್ಲರೆದುರಿಗೇ, ಇದು ಸುಳ್ಳು, ಹೀಗೆಲ್ಲ ಕಳುಹಿಸಬೇಡಿ ಎಂದು ಬರೆದೆ. ಅವರು ಎರಡು ತಿಂಗಳು ಗುಂಪಿನಲ್ಲಿ ಮಾತನಾಡಲಿಲ್ಲ; ಉಳಿದವರು ಕಳುಹಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನಾನು ಮನೆಗೆ ಹೋಗಿ, ಅವರ ಪಕ್ಕದಲ್ಲಿ ಕುಳಿತು, ಹಾಗೆ ಬರೆದದ್ದು ತಪ್ಪಾಯಿತೆಂದು ಹೇಳಿ, ಒಂದು ಸಂದೇಶವನ್ನು ಇಬ್ಬರೂ ಸೇರಿ ಹುಡುಕಿದೆವು: ಯಾರು ಹೇಳಿದ್ದು, ಯಾವಾಗ, ಬೇರೆ ಎಲ್ಲಾದರೂ ಇದೆಯೇ ಎಂದು. ಮುಕ್ಕಾಲು ಗಂಟೆ ಹಿಡಿಯಿತು. ಸಂದೇಶದಲ್ಲಿದ್ದ ಹೆಸರಿನ ವೈದ್ಯರು ಎಲ್ಲಿಯೂ ಸಿಗಲಿಲ್ಲ. ‘ಅಯ್ಯೋ, ಇಷ್ಟು ನಂಬಿದ್ದೆನಲ್ಲೋ’ ಎಂದು ಅವರು ಸುಮ್ಮನೆ ಕುಳಿತರು.

ಮೊನ್ನೆ ಅವರಿಂದ ಒಂದು ಸಂದೇಶ ಬಂತು. ಗುಂಪಿಗೆ ಹಾಕಿರಲಿಲ್ಲ, ನನಗೊಬ್ಬನಿಗೇ ಕಳುಹಿಸಿದ್ದರು. ಕೆಳಗೆ, ‘ಇದು ಹೌದಾ? ನೋಡಿ ಹೇಳು’ ಎಂದು ಬರೆದಿದ್ದರು. ಅದು ಹೌದೋ ಅಲ್ಲವೋ ನನಗೂ ಗೊತ್ತಿರಲಿಲ್ಲ. ‘ಗೊತ್ತಿಲ್ಲ ದೊಡ್ಡಮ್ಮ, ಸಂಜೆ ಬರುತ್ತೇನೆ, ಇಬ್ಬರೂ ನೋಡೋಣ’ ಎಂದು ಬರೆದೆ.